ಗುಲಾಬಿ ಎಲೆ ಕತ್ತರಿಸುವವಳನ್ನು ಓಡಿಸಬೇಡಿ

ಪ್ರಶ್ನೆ: ನಮ್ಮ ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಕೈತೋಟವಿದೆ. ಪೆಟೂನಿಯಾ, ಚೆಂಡುಹೂವು, ಹಲವು ಸುತ್ತಿನ ದಾಸವಾಳ, ಗುಲಾಬಿ ಎಲ್ಲವೂ ಚೆನ್ನಾಗಿ ಅರಳುತ್ತವೆ. ಆದರೆ ಚಿಟ್ಟೆ, ದುಂಬಿ ಬರುವುದೇ ಅಪರೂಪ. ಸ್ಥಳೀಯ ಗಿಡಗಳನ್ನು ನೆಟ್ಟರೆ ಬರುತ್ತವೆ ಎಂದು ಓದಿದೆ. ಈಗಿರುವುದನ್ನೆಲ್ಲ ಕಿತ್ತು ಹೊಸದಾಗಿ ನೆಡಬೇಕೆ? ಯಾವ ಗಿಡಗಳನ್ನು ತರಬೇಕು? ಒಂದು ಜೇನುಪೆಟ್ಟಿಗೆ ಇಟ್ಟರೆ ಸಾಕಾಗುತ್ತದೆಯೆ? ಇನ್ನೊಂದು ಮಾತು: ಯಾವುದೋ ಹುಳು ಗುಲಾಬಿ ಎಲೆಗಳ ಅಂಚನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ ಗುಂಡಗೆ ಕತ್ತರಿಸುತ್ತಿದೆ. ಬೇವಿನೆಣ್ಣೆ ಸಿಂಪಡಿಸಿದರೂ ನಿಂತಿಲ್ಲ. ಯಾವ ಔಷಧಿ ಹೊಡೆಯಲಿ?

ಉತ್ತರ: ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಯಾವ ಔಷಧಿಯನ್ನೂ ಹೊಡೆಯಬೇಡಿ. ಪತ್ರದ ಮೊದಲರ್ಧದಲ್ಲಿ ಯಾರನ್ನು ತೋಟಕ್ಕೆ ಕರೆಯುತ್ತಿದ್ದೀರೋ, ಕೊನೆಯಲ್ಲಿ ಅವಳನ್ನೇ ಕೊಲ್ಲುವ ದಾರಿ ಕೇಳಿದ್ದೀರಿ.

ನಿಮ್ಮ ಗುಲಾಬಿಯ ಎಲೆ ಕತ್ತರಿಸುತ್ತಿರುವುದು ಹುಳುವಲ್ಲ, ಜೇನು. ಎಲೆಕತ್ತರಿ ಜೇನು ಎನ್ನಬಹುದು. ಹಿಂಡಿಲ್ಲದ, ರಾಣಿಯಿಲ್ಲದ, ಒಬ್ಬಳೇ ದುಡಿದು ಒಬ್ಬಳೇ ಮಕ್ಕಳ ಚಿಂತೆ ಮಾಡುವ ಜಾತಿ ಅದು. ಬಿಸಿಲೇರುವ ಹೊತ್ತಿಗೆ ಗಿಡದ ಹತ್ತಿರ ಅಲುಗಾಡದೆ ನಿಂತರೆ ಅವಳ ಕೆಲಸ ನೋಡಲು ಸಿಗುತ್ತದೆ. ಎಲೆಯ ಅಂಚಿನ ಮೇಲೆ ಕಾಲು ಕವುಚಿ ಕೂರುತ್ತಾಳೆ. ತನ್ನ ಮೈಯನ್ನೇ ಕೈವಾರದ ಹಾಗೆ ತಿರುಗಿಸುತ್ತ, ದವಡೆಗಳಿಂದ ಒಂದು ಬಿಲ್ಲೆಯನ್ನು ಕೊಯ್ಯುತ್ತಾಳೆ. ಇಷ್ಟಕ್ಕೆ ಕೆಲವೇ ಸೆಕೆಂಡು ಸಾಕು. ತುಂಡನ್ನು ಮಡಚಿ ಹೊಟ್ಟೆಯ ಕೆಳಗೆ ಕಾಲುಗಳಲ್ಲಿ ಅಮುಕಿಕೊಂಡು ಹಾರುತ್ತಾಳೆ. ಆ ಎಲೆಯನ್ನು ಅವಳು ತಿನ್ನುವುದಿಲ್ಲ. ಒಣಗಿದ ಟೊಳ್ಳು ಕಡ್ಡಿಯೊಳಗೋ ಗೋಡೆಯ ತೂತಿನೊಳಗೋ ಅಂಥ ತುಂಡುಗಳನ್ನು ಬೀಡಿ ಸುತ್ತಿದಂತೆ ಸುತ್ತಿ ಒಂದು ಕೋಣೆ ಮಾಡುತ್ತಾಳೆ. ಅದರಲ್ಲಿ ಪರಾಗ, ಮಕರಂದ ಕಲಸಿದ ಮುದ್ದೆ ಇಟ್ಟು, ಮೇಲೊಂದು ಮೊಟ್ಟೆಯಿಟ್ಟು, ದುಂಡನೆಯ ತುಂಡುಗಳಿಂದ ಬಾಗಿಲು ಮುಚ್ಚುತ್ತಾಳೆ. ಅದರ ಮುಂದೆ ಇನ್ನೊಂದು ಕೋಣೆ. ಗೋಡೆಗೆ ಉದ್ದುದ್ದ ತುಂಡು, ಬಾಗಿಲಿಗೆ ದುಂಡು ತುಂಡು. ನಿಮ್ಮ ಎಲೆಗಳನ್ನು ಮತ್ತೊಮ್ಮೆ ನೋಡಿ, ಎರಡೂ ಬಗೆಯ ಗಾಯ ಕಾಣುತ್ತದೆ. ಹುಳು ತಿಂದ ಎಲೆ ಹೀಗಿರುವುದಿಲ್ಲ. ಅದು ಅಡ್ಡಾದಿಡ್ಡಿಯಾಗಿರುತ್ತದೆ, ಕೆಳಗಿನ ಎಲೆಯ ಮೇಲೆ ಹಿಕ್ಕೆ ಬಿದ್ದಿರುತ್ತದೆ.

ಬೇವಿನೆಣ್ಣೆಯಿಂದ ಅವಳು ನಿಲ್ಲದ್ದಕ್ಕೆ ಕಾರಣ ಇದೇ. ಎಲೆ ತಿನ್ನದವಳಿಗೆ ಎಲೆಗೆ ಹಚ್ಚಿದ ಕಹಿಯ ಗೊಡವೆ ಕಡಿಮೆ. ಆದರೆ ಅದೇ ಎಣ್ಣೆ ಪಕ್ಕದ ಗಿಡದ ಮೇಲಿದ್ದ ಚಿಟ್ಟೆಯ ಮರಿಹುಳುಗಳ ಬೆಳವಣಿಗೆಯನ್ನು ಕೆಡಿಸಿರಲು ಸಾಕು. ಸಾವಯವ ಎಂದು ಬರೆದ ಮಾತ್ರಕ್ಕೆ ಯಾವುದೂ ನಿರಪಾಯಕಾರಿಯಲ್ಲ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಮಾಡಿದ ಪುಡಿಯೂ ಸಾವಯವವೇ. ಮರಿಹುಳುಗಳಿಗೆಂದು ಮಾರುವ ಆ ಪುಡಿಗೆ ಎಲೆಕೋಸು ತಿನ್ನುವ ಹುಳು ಯಾವುದು, ಮುಂದೆ ಚಿಟ್ಟೆಯಾಗಲಿರುವ ಹುಳು ಯಾವುದು ಎಂದು ಗೊತ್ತಾಗುವುದಿಲ್ಲ.

ಈಗ ನಿಮ್ಮ ಹೂಗಳ ವಿಷಯ. ಹೂವಿದೆ, ಆದರೂ ಯಾರೂ ಬರುವುದಿಲ್ಲ ಎಂದಿರಿ. ಹಲವು ಸುತ್ತಿನ ದಾಸವಾಳವನ್ನು ಒಮ್ಮೆ ಬಿಡಿಸಿ ನೋಡಿ. ಪರಾಗ ಇರಬೇಕಾದ ಕೇಸರಗಳೇ ಅದರಲ್ಲಿ ದಳಗಳಾಗಿ ಮಾರ್ಪಟ್ಟಿವೆ. ಮನುಷ್ಯನ ಕಣ್ಣಿಗೆ ತುಂಬು ಹೂ, ಜೇನಿನ ಪಾಲಿಗೆ ಹೆಸರಿನ ಹಲಗೆ ಹಾಕಿ ಒಳಗೆ ಸರಕೇ ಇಲ್ಲದ ಅಂಗಡಿ. ಒತ್ತೊತ್ತಾದ ಗುಲಾಬಿ, ಪೆಟೂನಿಯಾದ ಹಲವು ಸುತ್ತಿನ ತಳಿಗಳ ಕತೆಯೂ ಇಷ್ಟೇ. ಒಂದೇ ಸುತ್ತು ದಳಗಳಿದ್ದು ನಡುವೆ ಹಳದಿ ಪುಡಿ ಬೆರಳಿಗೆ ಅಂಟುವ ಹೂವಾದರೆ ಅದು ಎಲ್ಲಿಂದಲೇ ಬಂದಿರಲಿ, ಸ್ವಲ್ಪವಾದರೂ ಉಪಯೋಗಕ್ಕೆ ಬರುತ್ತದೆ.

ಆದರೆ ನಿಮ್ಮ ತೋಟದಲ್ಲಿ ಇಲ್ಲದಿರುವುದು ಹೂವಲ್ಲ, ತಿನ್ನುವಂಥ ಎಲೆ. ಚಿಟ್ಟೆಗಳ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಮಕರಂದದ ಹತ್ತಿರವೇ ನಿಂತುಬಿಡುತ್ತಾರೆ. ಚಿಟ್ಟೆಯ ಆಯುಷ್ಯದಲ್ಲಿ ಮಕರಂದ ಕುಡಿಯುವ ಭಾಗ ಕೊನೆಯದು. ಅದಕ್ಕೆ ಮೊದಲು ಅದು ಮೊಟ್ಟೆಯಾಗಿ, ಎಲೆ ಕಡಿಯುವ ಹುಳುವಾಗಿ, ಕೋಶವಾಗಿ ಬದುಕಿರಬೇಕು. ಹುಳುವಾಗಿದ್ದಾಗ ಅದರ ಬಾಯಿಗೆ ಎಲ್ಲ ಎಲೆಯೂ ಸೇರುವುದಿಲ್ಲ. ತಮ್ಮನ್ನು ತಿನ್ನದಿರಲೆಂದು ಗಿಡಗಳು ಎಲೆಗಳಲ್ಲಿ ಬಗೆಬಗೆಯ ವಿಷ, ಘಾಟು, ಕಹಿ ತುಂಬಿಕೊಂಡಿರುತ್ತವೆ. ಒಂದೊಂದು ಕೀಟಕುಲ ಒಂದೊಂದು ಸಸ್ಯಕುಲದ ವಿಷವನ್ನು ಅರಗಿಸಿಕೊಳ್ಳಲು ಕಲಿತಿದೆ. ಚಿಟ್ಟೆಗಳೂ ಸಸ್ಯಗಳೂ ಹೀಗೆ ಪರಸ್ಪರ ಜಗ್ಗಾಡುತ್ತ ಜೊತೆಜೊತೆಯಾಗಿ ಬದಲಾಗಿವೆ ಎಂಬುದನ್ನು 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಒಂದು ಪ್ರಬಂಧದಲ್ಲಿ ಮಂಡಿಸಿದರು. ಸಹವಿಕಾಸ ಎಂಬ ಮಾತು ಜೀವಶಾಸ್ತ್ರದಲ್ಲಿ ನೆಲೆಯೂರಿದ್ದು ಆ ಬರಹದಿಂದ. ಸ್ಥಳೀಯ ಗಿಡ ಬೇಕು ಎನ್ನುವುದರ ಹಿಂದಿರುವ ಗಟ್ಟಿ ಕಾರಣವೂ ಇದೇ. ಅದರಲ್ಲಿ ದೇಶಾಭಿಮಾನದ ಮಾತೇನೂ ಇಲ್ಲ. ಸಾವಿರಾರು ವರ್ಷ ಒಂದೇ ಮಣ್ಣಿನಲ್ಲಿ ಬಾಳಿದ ಗಿಡಕ್ಕೂ ಹುಳುವಿಗೂ ಪರಿಚಯವಿರುತ್ತದೆ, ನಿನ್ನೆ ಬಂದ ಗಿಡಕ್ಕೆ ಇರುವುದಿಲ್ಲ.

ಕರಿಬೇವು ಅಥವಾ ನಿಂಬೆ ಬೆಳೆದವರಿಗೆ ಇದು ಗೊತ್ತೇ ಇರುತ್ತದೆ, ಹೆಸರು ಮಾತ್ರ ಗೊತ್ತಿರುವುದಿಲ್ಲ. ಚಿಗುರೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಕಂದುಬಿಳಿ ಚುಕ್ಕೆ ಕಾಣುತ್ತದೆ. ಒರೆಸಲು ಹೋದರೆ ಅದು ಜರುಗುತ್ತದೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಅದು ಎಲೆಗಿಂತ ಹಸಿರಾದ ದಪ್ಪ ಹುಳು. ಮುಟ್ಟಿದಿರೋ, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಚಾಚಿ ಮೂಗಿಗೆ ಬಡಿಯುವ ವಾಸನೆ ಬಿಡುತ್ತದೆ. ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆಗಳು ತೋಟಕ್ಕೆ ಬರುವುದು ಈ ಗಿಡವನ್ನು ಹುಡುಕಿಕೊಂಡು. ಹೆಣ್ಣು ಚಿಟ್ಟೆ ಎಲೆಯಿಂದ ಎಲೆಗೆ ಹಾರುತ್ತ ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಅದರ ನಾಲಗೆ ಇರುವುದು ಕಾಲಿನಲ್ಲೇ ಎನ್ನಬಹುದು. ಗಿಡ ಸರಿಯೆನಿಸಿದರೆ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ನಮ್ಮಲ್ಲಿ ಬಹಳ ಜನ ಆ ಹುಳುವನ್ನು ಬೆಳಿಗ್ಗೆ ಹೊಸಕಿ ಹಾಕಿ, ಸಂಜೆ ಚಿಟ್ಟೆ ಕಾಣುತ್ತಿಲ್ಲವೆಂದು ಕೊರಗುತ್ತಾರೆ. ಗಿಡ ಚಿಕ್ಕದಾಗಿದ್ದು ನಾಲ್ಕು ಹುಳು ಸೇರಿ ಬೋಳಿಸುವಂತಿದ್ದರೆ ಇನ್ನೊಂದು ಗಿಡ ನೆಡಿ. ನಿಮಗೊಂದು, ಅವಕ್ಕೊಂದು.

ಎಕ್ಕದ ಮೇಲೆ ಕೇಸರಿ ಬಣ್ಣದ ಚಿಟ್ಟೆ ಬೆಳೆಯುತ್ತದೆ, ಕಕ್ಕೆ ಮತ್ತು ಆವರಿಕೆಯ ಮೇಲೆ ತಿಳಿಹಳದಿ ಚಿಟ್ಟೆ, ಈಶ್ವರಿ ಬಳ್ಳಿಯ ಮೇಲೆ ಕೆಂಪು ಮೈಯ ಕಪ್ಪು ಚಿಟ್ಟೆ. ಏನೂ ಅಲ್ಲದ ಹುಲ್ಲಿನ ಮೇಲೆ ಕಂದು ಬಣ್ಣದ ಎಷ್ಟೋ ಚಿಟ್ಟೆಗಳು ಬೆಳೆಯುತ್ತವೆ. ಆದ್ದರಿಂದ ಒಂದು ಮೂಲೆಯ ಹುಲ್ಲನ್ನು ಕೊಯ್ಯದೆ ಬಿಟ್ಟರೂ ಅದು ತೋಟಗಾರಿಕೆಯೇ. ಇವು ಉದಾಹರಣೆಗಳು ಅಷ್ಟೇ, ಪಟ್ಟಿ ಎಂದುಕೊಳ್ಳಬೇಡಿ. ನೀವಿರುವ ನೆಲ ಬೇರೆಯಾದರೆ ಹೆಸರುಗಳೂ ಬೇರೆ. ಸ್ಥಳೀಯ ಎನ್ನುವುದಕ್ಕೆ ದೇಶದ ಗಡಿ ಅಳತೆಯಲ್ಲ. ಮಳೆಕಾಡಿನ ಗಿಡ ಇನ್ನೂರು ಕಿಲೋಮೀಟರ್ ಆಚೆಯ ಒಣನೆಲಕ್ಕೆ ಪರದೇಶಿಯೇ.

ಹತ್ತಿರದ ನೆಂಟನೆಂದು ನಂಬಿ ಮೋಸ ಹೋಗುವುದೂ ಉಂಟು. ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆ ಈಶ್ವರಿ ಬಳ್ಳಿಯ ಕುಟುಂಬದ ಅಲ್ಲಿಯದೇ ಒಂದು ಬಳ್ಳಿಯ ಮೇಲೆ ಬೆಳೆಯುವಂಥದ್ದು. ಅಲಂಕಾರಕ್ಕೆಂದು ದಕ್ಷಿಣ ಅಮೆರಿಕದಿಂದ ತಂದ ಅದೇ ಕುಟುಂಬದ ಇನ್ನೊಂದು ಬಳ್ಳಿಯ ವಾಸನೆಗೆ ಅದು ಮರುಳಾಗಿ ಮೊಟ್ಟೆಯಿಟ್ಟಿತು. ಮರಿಗಳು ಆ ಎಲೆ ತಿಂದು ಸತ್ತವು. ಅಮೆರಿಕದಲ್ಲಿ ಮೊನಾರ್ಕ್ ಚಿಟ್ಟೆಗೆಂದು ಜನ ಪ್ರೀತಿಯಿಂದ ನೆಟ್ಟ ಉಷ್ಣವಲಯದ ಹಾಲುಗಿಡ ಬೆಚ್ಚಗಿನ ಕಡೆ ಚಳಿಗಾಲದಲ್ಲೂ ಒಣಗದೆ ಉಳಿದು, ಚಿಟ್ಟೆಗಳಿಗೆ ಅಂಟುವ ಪರೋಪಜೀವಿಯ ಬೀಡಾಯಿತು. ಲಂಟಾನವನ್ನೇ ನೋಡಿ. ಅದರ ಹೂಗೊಂಚಲ ಮೇಲೆ ಚಿಟ್ಟೆ ಕೂತ ಚಿತ್ರ ಎಲ್ಲೆಲ್ಲೂ ಕಾಣುತ್ತದೆ. ಆದರೆ ಅದು ನುಗ್ಗಿದ ಕಡೆ ಮರಿಹುಳು ತಿನ್ನುವ ಹತ್ತು ಗಿಡ ಕಣ್ಮರೆಯಾಗಿರುತ್ತವೆ. ಅದು ನಿಮ್ಮ ಬೇಲಿಯಲ್ಲಿದ್ದರೆ, ಕೀಳಬೇಕೆ ಎಂಬ ನಿಮ್ಮ ಪ್ರಶ್ನೆಗೆ ಅದೊಂದರ ಮಟ್ಟಿಗೆ ಹೌದು ಎನ್ನುತ್ತೇನೆ.

ಉಳಿದದ್ದನ್ನು ಕೀಳಬೇಕಾಗಿಲ್ಲ. ಪೆಟೂನಿಯಾದಿಂದ ಯಾರಿಗೂ ಕೇಡಿಲ್ಲ, ನಿಮ್ಮ ಕಣ್ಣಿಗೆ ಸಂತೋಷವಿದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮನೆಯಂಗಳಗಳಲ್ಲಿ ಚಿಕಡಿ ಎಂಬ ಪುಟ್ಟ ಹಕ್ಕಿಯ ಸಂಸಾರವನ್ನು ಲೆಕ್ಕ ಹಾಕಿದರು. ಅಂಗಳದ ಸಸ್ಯರಾಶಿಯಲ್ಲಿ ಸುಮಾರು ಶೇಕಡಾ 70ಕ್ಕಿಂತ ಹೆಚ್ಚು ಸ್ಥಳೀಯವಾಗಿದ್ದ ಕಡೆ ಮಾತ್ರ ಹಕ್ಕಿಗಳು ತಮ್ಮ ಸಂಖ್ಯೆ ಕುಸಿಯದಷ್ಟು ಮರಿ ಸಾಕಿದವು, ಏಕೆಂದರೆ ಮರಿಗಳ ಆಹಾರವಾದ ಹುಳುಗಳು ಇದ್ದದ್ದು ಅಲ್ಲೇ. ಅದು ಬೇರೆ ನೆಲದ ಬೇರೆ ಹಕ್ಕಿಯ ಲೆಕ್ಕ, ನಿಮ್ಮ ಜೇನಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೂ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಸ್ಥಳೀಯ, ಉಳಿದದ್ದು ನಿಮ್ಮ ಖುಷಿಗೆ ಎಂಬ ಅಂದಾಜು ಕೈತೋಟಕ್ಕೆ ನನಗೆ ಒಪ್ಪಿಗೆಯಾಗುತ್ತದೆ. ಗಿಡ ಸತ್ತಾಗ, ಕುಂಡ ಖಾಲಿಯಾದಾಗ ಆ ಜಾಗಕ್ಕೆ ಸ್ಥಳೀಯವಾದದ್ದನ್ನು ತನ್ನಿ. ಮೂರು ವರ್ಷದಲ್ಲಿ ತೋಟ ತಾನಾಗಿ ಬದಲಾಗಿರುತ್ತದೆ.

ಯಾವ ಗಿಡ ಎಂಬುದನ್ನು ನರ್ಸರಿಯಲ್ಲಿ ಕೇಳುವ ಮೊದಲು ಒಂದು ಪುಸ್ತಕ ಹಿಡಿದು ಹೊರಗೆ ಹೋಗಿ. ಯಾರೂ ನೀರೆರೆಯದ ಬೇಲಿಸಾಲು, ಕೆರೆಯ ಏರಿ, ಪಾಳುಬಿದ್ದ ನಿವೇಶನ, ರೈಲು ಹಳಿಯಂಚು. ಹೂಬಿಟ್ಟ ಒಂದು ಗಿಡದ ಮುಂದೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ನಿಲ್ಲಿ, ಬಂದವರನ್ನು ಎಣಿಸಿ. ಹೆಸರು ತಿಳಿಯದಿದ್ದರೆ ಬೇಡ, ಕರಿದು, ಪಟ್ಟೆಯದು, ಸೊಳ್ಳೆಯಷ್ಟಿರುವುದು ಎಂದು ಬರೆದುಕೊಂಡರೂ ಸಾಕು. ಮಳೆ ಬಿದ್ದ ಮೇಲೆ ಎಲ್ಲೆಂದರಲ್ಲಿ ಏಳುವ ತುಂಬೆಯ ಮುಂದೆ ಒಮ್ಮೆ ಕೂತವರು ಅದನ್ನು ಕಳೆ ಎಂದು ಕೀಳಲಾರರು. ಬೆರಳುಗುರಿನಷ್ಟು ಬಿಳಿ ಹೂವಿನ ತುಟಿಯ ಮೇಲೆ ಜೇನು ಕೂತೊಡನೆ ಅದರ ಬೆನ್ನಿಗೆ ಪರಾಗ ತಗಲುತ್ತದೆ. ಹೀಗೆ ಕಂಡ ಗಿಡದ ಬೀಜ ಒಂದು ಹಿಡಿ ತನ್ನಿ, ಕಾಡಿನಿಂದ ಗಿಡವನ್ನೇ ಅಗೆದು ತರಬೇಡಿ. ಕಾಡುಹೂವಿನ ಮಿಶ್ರಣ ಎಂದು ಪೊಟ್ಟಣದಲ್ಲಿ ಮಾರುವ ಬೀಜ ಬೇಡವೇ ಬೇಡ. ಯಾವ ಕಾಡು ಎಂದು ಆ ಪೊಟ್ಟಣ ಸಾಮಾನ್ಯವಾಗಿ ಹೇಳುವುದಿಲ್ಲ.

ಆರಿಸುವಾಗ ಹೂವಿನ ಆಕಾರ ಬೇರೆ ಬೇರೆಯಾಗಿರಲಿ. ಒಂದು ಹೂವಿಗೆ ಒಂದೇ ಬೀಗದಕೈ ಎನ್ನುವ ಗಿಡಗಳೂ ಇವೆ. ಡಾರ್ವಿನ್ ಮಡಗಾಸ್ಕರಿನ ಒಂದು ಆರ್ಕಿಡ್ ಹೂವಿನ ಸುಮಾರು ಒಂದಡಿ ಉದ್ದದ ಮಕರಂದದ ಕೊಳವೆಯನ್ನು ನೋಡಿ, ಇದಕ್ಕೆ ತಕ್ಕ ಉದ್ದ ನಾಲಗೆಯ ಪತಂಗ ಎಲ್ಲೋ ಇರಲೇಬೇಕು ಎಂದು 1862ರಲ್ಲಿ ಬರೆದ. ಆ ಪತಂಗವನ್ನು ವಿಜ್ಞಾನ ಗುರುತಿಸಿದ್ದು 1903ರಲ್ಲಿ, ಡಾರ್ವಿನ್ ತೀರಿಹೋಗಿ ಇಪ್ಪತ್ತೊಂದು ವರ್ಷಗಳ ನಂತರ.

ನಿಮ್ಮ ಅಂಗಳಕ್ಕೆ ಅಷ್ಟು ದೂರದ ಉದಾಹರಣೆ ಬೇಕಾಗಿಲ್ಲ, ಬದನೆ ಹೂವು ಸಾಕು. ಅದರ ಹಳದಿ ಪರಾಗಕೋಶಗಳು ಸೀಳುವುದಿಲ್ಲ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಮಾತ್ರ ಇರುತ್ತದೆ, ಉಪ್ಪಿನ ಡಬ್ಬಿಯ ಹಾಗೆ. ಅಲುಗಿಸಿದರೆ ಮಾತ್ರ ಪುಡಿ ಉದುರುತ್ತದೆ. ದೊಡ್ಡ ಕರಿದುಂಬಿಯೋ ನೀಲಿಪಟ್ಟಿಯ ಜೇನೋ ಬಂದು ಹೂವನ್ನು ತಬ್ಬಿ, ರೆಕ್ಕೆ ಮಡಚಿ, ಹಾರುವ ಸ್ನಾಯುಗಳನ್ನು ಮಾತ್ರ ಕಂಪಿಸುತ್ತದೆ. ಹಾರಾಟದ ಗುಂಯ್ ಶಬ್ದ ಒಮ್ಮೆಗೇ ಏರುಸ್ವರಕ್ಕೆ ಹೋಗುತ್ತದೆ. ಅದೇ ಕ್ಷಣ ಹಳದಿ ಧೂಳು ಅದರ ಎದೆಯ ಮೇಲೆ ಚಿಮ್ಮುತ್ತದೆ. ಕಿವಿಯಿಟ್ಟರೆ ಆ ಸ್ವರದ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ. ಟೊಮೇಟೊ, ಆವರಿಕೆ ಸೇರಿ ಲೋಕದಲ್ಲಿ ಸುಮಾರು 20,000 ಬಗೆಯ ಗಿಡಗಳು ಹೀಗೆ ತೂತಿನಿಂದ ಪರಾಗ ಕೊಡುತ್ತವೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬಾರದು. ನಮ್ಮ ಕವಿಗಳು ಕಮಲದೊಳಗೆ ಸೆರೆಹಾಕಿದ ದುಂಬಿಯೂ ಬಹುಶಃ ಈ ಮರಕೊರೆಯುವ ಕರಿಯನೇ ಇರಬೇಕು. ಅವನನ್ನು ಕಂಡು ಹೆದರಿ ಪೊರಕೆ ಹಿಡಿಯುವವರೇ ಈಗ ಹೆಚ್ಚು. ಕುಟುಕುವುದು ಹೆಣ್ಣು ಮಾತ್ರ, ಅದೂ ಹಿಡಿದು ಹಿಸುಕಿದರೆ.

ಜೇನುಪೆಟ್ಟಿಗೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು. ತುಪ್ಪ ಬೇಕಿದ್ದರೆ ಇಡಿ. ಹೂ ಕಡಿಮೆ ಇರುವ ಪುಟ್ಟ ತೋಟದಲ್ಲಿ ಸಾವಿರಾರು ಕೆಲಸಗಾರ್ತಿಯರ ಒಂದು ಪೆಟ್ಟಿಗೆ ಇಟ್ಟರೆ, ಒಂಟಿಯಾಗಿ ದುಡಿಯುವ ಕಾಡುಜೇನುಗಳ ಪಾಲು ಕಡಿಮೆಯಾಗುತ್ತದೆ. ಕೋಳಿ ಸಾಕಿದರೆ ಕಾಡುಹಕ್ಕಿಗಳನ್ನು ಉಳಿಸಿದಂತೆ ಆಗುವುದಿಲ್ಲವಷ್ಟೆ.

ನೆಡುವಾಗ ಒಂದೊಂದು ಜಾತಿಯನ್ನು ಅಲ್ಲೊಂದು ಇಲ್ಲೊಂದು ಚೆಲ್ಲಬೇಡಿ, ಒಂದು ಮೀಟರ್ ಅಗಲದ ಗುಂಪಾಗಿ ನೆಡಿ. ಜೇನು ಒಂದು ಸುತ್ತಿಗೆ ಹೊರಟಾಗ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಅರಿಸ್ಟಾಟಲನೇ ಗಮನಿಸಿ ಬರೆದಿದ್ದಾನೆ. ಯಾವ ತಿಂಗಳು ಯಾವ ಹೂ ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಖಾಲಿ ಉಳಿದ ತಿಂಗಳೇ ನಿಮ್ಮ ಮುಂದಿನ ಖರೀದಿ. ನರ್ಸರಿಯ ಗಿಡಕ್ಕೆ ಯಾವ ಕೀಟನಾಶಕ ಹಾಕಿದ್ದಾರೆ ಎಂದು ಕೇಳಿ. ನಿಯೋನಿಕೋಟಿನಾಯ್ಡ್ ಗುಂಪಿನವು ಬೇರಿನಿಂದ ಹೀರಿಕೊಂಡು ಮಕರಂದ, ಪರಾಗದವರೆಗೂ ಏರುತ್ತವೆ. ಅವುಗಳಲ್ಲಿ ಮೂರನ್ನು ಬಯಲಿನಲ್ಲಿ ಬಳಸುವುದನ್ನು ಐರೋಪ್ಯ ಒಕ್ಕೂಟ 2018ರಲ್ಲಿ ನಿಷೇಧಿಸಿತು. ರಾತ್ರಿಯಿಡೀ ಉರಿಯುವ ಅಂಗಳದ ದೀಪವನ್ನೂ ಆರಿಸಿ. ಬಿಳಿಯ, ಕಂಪಿನ, ಸಂಜೆ ಅರಳುವ ಹೂಗಳ ಅತಿಥಿಗಳು ಪತಂಗಗಳು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ಬೀದಿದೀಪ ಉರಿಸಿ ನೋಡಿದಾಗ ಹೂಗಳಿಗೆ ರಾತ್ರಿಯ ಭೇಟಿ ಶೇಕಡಾ 62ರಷ್ಟು ಇಳಿದಿತ್ತು ಎಂದು 2017ರಲ್ಲಿ ವರದಿಯಾಯಿತು.

ಇನ್ನು ಮನೆ. ಲೋಕದಲ್ಲಿ ಜೇನಿನ ಸುಮಾರು 20,000 ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೆ ಬಿಲ ತೋಡಿ ಮೊಟ್ಟೆಯಿಡುತ್ತವೆ. ಇದನ್ನು ನಾನು ತಡವಾಗಿ ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಗೋಡೆಯ ಬುಡದ ಬೋಳುನೆಲದಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು ಎದ್ದಿದ್ದವು, ಪಕ್ಕದಲ್ಲಿ ಚಿಟಿಕೆ ಚಿಟಿಕೆ ಮಣ್ಣು. ಇರುವೆ ಎಂದುಕೊಂಡು ಕುದಿನೀರು ಸುರಿದೆ. ಅಚ್ಚುಕಟ್ಟಾಗಿರಲಿ ಎಂದು ಮೇಲೆ ಚಪ್ಪಡಿಯನ್ನೂ ಹಾಸಿದೆ. ಮರುವರ್ಷ ಬದನೆ ಗಿಡದ ಹತ್ತಿರ ನೀಲಿಪಟ್ಟಿಯವರು ಒಬ್ಬರೂ ಕಾಣಲಿಲ್ಲ. ಬಿಲ ಯಾರದೆಂದು ತಿಳಿದ ದಿನ ಚಪ್ಪಡಿ ಎಬ್ಬಿಸಿದೆ. ಅವು ಮರಳಿ ಬರಲು ಮೂರು ವರ್ಷ ಬೇಕಾಯಿತು. ನೀವು ಒಂದು ಚಾಪೆಯಷ್ಟು ಜಾಗವನ್ನು, ಬಿಸಿಲು ಬೀಳುವ ಕಡೆ, ಹೊದಿಕೆಯಿಲ್ಲದೆ, ಅಗೆಯದೆ, ನೀರು ಹಾಕದೆ ಹಾಗೇ ಬಿಡಿ. ನೋಡಿದವರು ಇಲ್ಲೇನೂ ನೆಟ್ಟಿಲ್ಲವೇ ಎನ್ನುತ್ತಾರೆ, ಎನ್ನಲಿ.

ಕಡ್ಡಿಯೊಳಗೆ ವಾಸಿಸುವವರಿಗೆ ಒಣಗಿದ ಟೊಳ್ಳು ದಂಟುಗಳನ್ನು ಬುಡಸಹಿತ ಕೀಳದೆ ಮೊಣಕಾಲೆತ್ತರಕ್ಕೆ ಕತ್ತರಿಸಿ ಬಿಡಿ. ಜೇನಿನ ಹೋಟೆಲ್ ಎಂದು ಮಾರುವ ಮರದ ಗೂಡುಗಳಲ್ಲಿ ಹೆಚ್ಚಿನವುಗಳ ರಂಧ್ರ ತೀರ ಅಗಲ, ಆಳ ತೀರ ಕಡಿಮೆ. ಆಳದಲ್ಲೊಂದು ಮರ್ಮವಿದೆ. ತಾಯಿ ಒಳತುದಿಯಲ್ಲಿ ಹೆಣ್ಣಾಗುವ ಮೊಟ್ಟೆಗಳನ್ನೂ ಬಾಗಿಲ ಕಡೆ ಗಂಡಾಗುವ ಮೊಟ್ಟೆಗಳನ್ನೂ ಇಡುತ್ತಾಳೆ. ಕೊಳವೆ ಗಿಡ್ಡವಾದರೆ ಗಂಡುಗಳೇ ಹೆಚ್ಚಾಗುತ್ತವೆ. ನೀವೇ ಮಾಡುವುದಾದರೆ 3ರಿಂದ 10 ಮಿಲಿಮೀಟರ್ ಅಗಲ, 15 ಸೆಂಟಿಮೀಟರ್ ಆಳ, ಹಿಂಬದಿ ಮುಚ್ಚಿರಲಿ, ಮಳೆ ತಾಗದಿರಲಿ. ಹಳೆಯ ಕಡ್ಡಿಗಳನ್ನು ಆಗಾಗ ಬದಲಿಸಿ, ಇಲ್ಲವಾದರೆ ಬೂಷ್ಟು, ನುಸಿ ಸೇರುತ್ತವೆ.

ಗುಲಾಬಿಗೆ ಮರಳೋಣ. ಅಷ್ಟು ಎಲೆ ಹೋದದ್ದರಿಂದ ಗಿಡ ಸೊರಗುವುದಿಲ್ಲ. ತೀರ ಎಳೆಯ ಗಿಡವಾದರೆ ಕೆಲವು ದಿನ ತೆಳು ಪರದೆ ಹೊದಿಸಿ, ಅಷ್ಟೇ. ಕತ್ತರಿಸಿದ ತುಂಡು ಎಲ್ಲಿಗೆ ಹೋಗುತ್ತಿದೆ ಎಂದು ಅವಳ ಹಿಂದೆ ಕಣ್ಣು ಹಾಯಿಸಿ. ಕಿಟಕಿ ಚೌಕಟ್ಟಿನ ತಿರುಪಿನ ತೂತು, ಮಡಚಿಟ್ಟ ರಬ್ಬರ್ ಕೊಳವೆಯ ಬಾಯಿ, ಮುರಿದ ಬಿದಿರಿನ ಗೂಟ, ಇಂಥ ಕಡೆ ಹಸಿರು ಬಿಲ್ಲೆಯ ಮುಚ್ಚಳ ಕಾಣಬಹುದು. ಕೆಲವು ದಿನಗಳಲ್ಲಿ ಅದು ಕಂದಾಗುತ್ತದೆ. ಕೀಳಬೇಡಿ, ಆ ಕೊಳವೆಯಿಂದ ನೀರನ್ನೂ ಬಿಡಬೇಡಿ. ಒಂದು ಬೆಳಿಗ್ಗೆ ಮುಚ್ಚಳದಲ್ಲಿ ಒಳಗಿನಿಂದ ಕಡಿದ ದುಂಡು ತೂತು ಇರುತ್ತದೆ. ಮೊದಲು ಹೊರಬಂದವರು ಗಂಡುಗಳು. ಹೆಣ್ಣುಗಳು ಹಿಂದಿನ ಕೋಣೆಗಳಲ್ಲಿ ಇನ್ನೂ ಇರುತ್ತವೆ, ತೂತು ಕಂಡಿತೆಂದು ಆ ಕೊಳವೆಯನ್ನು ಅಂದೇ ಬಳಕೆಗೆ ತೆಗೆಯಬೇಡಿ.